‘ಮಟ್ಟ’ ಶಬ್ದದ ಮೂಲವೂ ‘ಗುಣಮಟ್ಟ’ದ ಅರ್ಥವೂ

ಕನ್ನಡದಲ್ಲಿ ಅಳತೆಯನ್ನು ಹೇಳುವ ಶಬ್ದಗಳು ಬಹಳ. ಗುಣವನ್ನು ಹೇಳುವ ಶಬ್ದಗಳೂ ಬಹಳ. ಎರಡನ್ನೂ ಒಂದೇ ಬಾಯಿಂದ ಹೇಳುವ ಶಬ್ದಗಳು ಕೆಲವೇ. ಅವುಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ‘ಮಟ್ಟ’. ಜಲಾಶಯದ ನೀರು ಎಷ್ಟೆಂದು ತಿಳಿಸುವಾಗಲೂ, ಒಂದು ಕಾವ್ಯದ ಯೋಗ್ಯತೆ ಎಂತಹುದೆಂದು ತೀರ್ಮಾನಿಸುವಾಗಲೂ ಬರುವುದು ಈ ಶಬ್ದವೇ. ಇದಕ್ಕೆ ‘ಗುಣ’ವು ಸೇರಿ ಆದ ‘ಗುಣಮಟ್ಟ’ವಂತೂ ಸರಕಾರದ ಕಾಗದಪತ್ರ, ಅಂಗಡಿಯ ಫಲಕ, ವಿದ್ಯಾಲಯದ ವರದಿ, ಗ್ರಂಥವಿಮರ್ಶೆ ಎಲ್ಲೆಡೆಯಲ್ಲಿಯೂ ಹಬ್ಬಿದೆ. ಇಷ್ಟು ಸವೆದ ನಾಣ್ಯದ ಮೇಲಣ ಅಚ್ಚು ಯಾವುದು, ಅಳತೆಯ ಮಾತು ಗುಣದ ಮಾತಾದುದು ಯಾವ ದಾರಿಯಿಂದ, ಆ ದಾರಿಯಲ್ಲಿ ಅದು ಏನನ್ನಾದರೂ ಕಳೆದುಕೊಂಡಿತೇ ಎಂಬುದು ಪ್ರಕೃತ ವಿಚಾರ.

ಇದಕ್ಕೆ ಬಳ್ಳಾರಿ ಸೀಮೆಯ ಮಾತು ವಿಶೇಷವಾಗಿ ಒದಗಿಬರುತ್ತದೆ. 1800ರಿಂದ 1953ರ ವರೆಗೆ ಈ ಸೀಮೆಯು ಮದರಾಸಿನ ಆಡಳಿತದಲ್ಲಿದ್ದಿತು. ಕನ್ನಡವೂ ತೆಲುಗೂ ಒಂದೇ ಮನೆಯ ಎರಡು ಬಾಗಿಲುಗಳಂತೆ ಇಲ್ಲಿ ಬಾಳುತ್ತ ಬಂದಿವೆ. ಅದಕ್ಕಿಂತ ಮುಖ್ಯವಾದುದು, ಇಲ್ಲಿಯ ನೀರಾವರಿಯೇ ‘ಮಟ್ಟ’ದ ಮೇಲೆ ನಿಂತಿರುವುದು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಆ ಜಲಾಶಯದ ಬಲದಂಡೆಯಿಂದ ಹೊರಡುವ ಕಾಲುವೆಗಳಲ್ಲಿ ಒಂದಕ್ಕೆ ಮೇಲ್ಮಟ್ಟದ ಕಾಲುವೆಯೆಂದೂ ಇನ್ನೊಂದಕ್ಕೆ ಕೆಳಮಟ್ಟದ ಕಾಲುವೆಯೆಂದೂ ಹೆಸರು. ಸಿರುಗುಪ್ಪದ ಕಡೆಯ ಗದ್ದೆಗಳು ಕೆಳಮಟ್ಟದ ಕಾಲುವೆಯ ನೀರನ್ನು ಉಣ್ಣುತ್ತವೆ. ಅಲ್ಲಿಯ ಭತ್ತವನ್ನು ಕೆಳಮಟ್ಟದ ಭತ್ತವೆಂದು ಯಾರೂ ಹೇಳಲಾರರು. ಹೇಳಿದರೆ ಜಗಳವಾದೀತು. ಕಾಲುವೆಗೆ ಹತ್ತಿದ ವಿಶೇಷಣ ನಿರ್ದೋಷಿಯಾದುದು. ಬೆಳೆಗೆ ಹತ್ತಿದೊಡನೆ ಅದೇ ವಿಶೇಷಣ ನಿಂದೆಯಾಗುತ್ತದೆ. ಒಂದೇ ಶಬ್ದದ ಈ ಎರಡು ನಡೆಗಳ ನಡುವಣ ಅಂತರವನ್ನು ಅಳೆಯದೆ ‘ಮಟ್ಟ’ದ ಅರ್ಥವನ್ನು ತಿಳಿದಂತಾಗದು.

ನಿಘಂಟುಕಾರರು ಈ ಶಬ್ದವನ್ನು ಬಿಟ್ಟವರಲ್ಲ. ಕನ್ನಡ ನಿಘಂಟುಗಳ ಚರಿತ್ರೆಯಲ್ಲಿ ಬಳ್ಳಾರಿಗೂ ಒಂದು ಸ್ಥಾನವುಂಟೆಂಬುದನ್ನು ಇಲ್ಲಿ ನೆನೆಯಬಹುದು: 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಮದರಾಸಿನಲ್ಲಿ ಅಚ್ಚುಹಾಕಿಸಿದ ವಿಲಿಯಂ ರೀವ್ ಎಂಬವನು ಬಳ್ಳಾರಿಯ ಲಂಡನ್ ಮಿಶನ್ನಿನಲ್ಲಿ ದುಡಿದವನು. 1894ರ ಕಿಟ್ಟೆಲ್ ಕೋಶದಲ್ಲಿ ‘ಮಟ್ಟ’ಕ್ಕೆ ಅಳತೆ, ವ್ಯಾಪ್ತಿ, ಎತ್ತರ, ಮೇರೆ, ಸಮತೆ, ಕ್ರಮಬದ್ಧತೆ ಮುಂತಾದ ಅರ್ಥಗಳು ದೊರೆಯುತ್ತವೆ. 1961ರಲ್ಲಿ ಮೊದಲು ಪ್ರಕಟವಾದ ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿಕೋಶವು ಇದನ್ನು ತಮಿಳು, ಮಲಯಾಳ, ತೆಲುಗುಗಳ ಸೋದರಶಬ್ದಗಳೊಡನೆ ದ್ರಾವಿಡವೆಂದೇ ಎಣಿಸಿದೆ. ಆದರೆ ಕೋಶಗಳು ಅರ್ಥಗಳನ್ನು ಸಾಲಾಗಿ ಕುಳ್ಳಿರಿಸುತ್ತವೆ. ಆ ಸಾಲಿನಲ್ಲಿ ತಾಯಿ ಯಾರು, ಮಗಳು ಯಾರು ಎಂಬುದನ್ನು ಓದುವವನ ವಿವೇಚನೆಗೆ ಬಿಡುತ್ತವೆ. ಮೇರೆ ಎಂಬ ಅರ್ಥದಿಂದ ಸಮತೆ ಹುಟ್ಟಿತೋ, ಸಮತೆಯಿಂದ ಮೇರೆ ಹುಟ್ಟಿತೋ? ಈ ಪ್ರಶ್ನೆ ಸಣ್ಣದಾಗಿ ಕಂಡರೂ ಶಬ್ದದ ಮೂಲದ ನಿರ್ಣಯವು ಇದನ್ನೇ ಅವಲಂಬಿಸಿದೆ.

‘ಮಟ್ಟ’ವು ಸಂಸ್ಕೃತದ ‘ಮಾತ್ರ’ ಶಬ್ದದ ತದ್ಭವವಾಗಿರಬಹುದೆಂದು ಊಹಿಸಲು ಮೊದಲ ನೋಟಕ್ಕೆ ಎಡೆಯುಂಟು. ಅರ್ಥಸಾಮ್ಯವು ಆಶ್ಚರ್ಯಕರವಾದುದು. ‘ಮಾತ್ರ’ಕ್ಕೆ ಅಳತೆಯೆಂಬ ಅರ್ಥವಿದೆ, ಇಷ್ಟೇ ಎಂಬ ಮೇರೆಯ ಅರ್ಥವಿದೆ, ‘ಕೇವಲ’ ಎಂಬ ಅರ್ಥವೂ ಇದೆ. ತಮಿಳಿನ ‘ಮಟ್ಟು’ ಶಬ್ದಕ್ಕೂ ಅಳತೆ, ಮೇರೆ ಎಂಬ ಅರ್ಥಗಳಿದ್ದು, ಅದರಿಂದಾದ ‘ಮಟ್ಟುಂ’ ಎಂಬುದು ‘ವರೆಗೆ’ ಎಂದೂ ‘ಮಾತ್ರ’ ಎಂದೂ ಬಳಕೆಯಲ್ಲಿದೆ. ಆದರೆ ಧ್ವನಿಯು ಇದಕ್ಕೆ ಸಮ್ಮತಿಸುವುದಿಲ್ಲ. ‘ತ್ರ’ ಎಂಬ ಸಂಯುಕ್ತಾಕ್ಷರವು ಪ್ರಾಕೃತದಲ್ಲಿ ‘ತ್ತ’ ಆಗುವುದೇ ಸಾಮಾನ್ಯ ನಿಯಮ; ಕನ್ನಡವೂ ಅದನ್ನು ದಂತ್ಯವಾಗಿಯೇ ಉಳಿಸಿಕೊಂಡಿದೆ. ಛತ್ರದ ಸಂಬಂಧದ ‘ಸತ್ತಿಗೆ’, ಚಿತ್ರದ ಸಂಬಂಧದ ‘ಚಿತ್ತಾರ’ ಇದಕ್ಕೆ ಸಾಕ್ಷಿ. ಮೂರ್ಧನ್ಯವಾದ ‘ಟ್ಟ’ವು ಬರುವುದು ಸಾಮಾನ್ಯವಾಗಿ ಋಕಾರ ಅಥವಾ ರೇಫವು ತಕಾರಕ್ಕೆ ಹಿಂದೆ ಇದ್ದಾಗ: ‘ವೃತ್ತ’ದಿಂದ ‘ಬಟ್ಟ’, ‘ಮೃತ್ತಿಕೆ’ಯಿಂದ ‘ಮಟ್ಟಿ’. ರೇಫವು ಮುಂದೆ ಇದ್ದೂ ಮೂರ್ಧನ್ಯವು ಹುಟ್ಟಿದ ಉದಾಹರಣೆಗಳು ಇಲ್ಲವೆಂದಲ್ಲ. ‘ಕ್ಷುದ್ರ’ವು ಪ್ರಾಕೃತದಲ್ಲಿ ‘ಖುಡ್ಡ’ವಾಗಿದೆ. ಆದರೆ ‘ಮಾತ್ರ’ವು ಪ್ರಾಕೃತದಲ್ಲಿ ‘ಮತ್ತ’ವೆಂದೇ ದೊರೆಯುವುದರಿಂದ ಈ ಅಪವಾದದ ನೆರಳಿನಲ್ಲಿ ಅದನ್ನು ತರಲಾಗದು. ಅರ್ಥದಲ್ಲಿ ಅವಳಿಗಳಂತೆ ತೋರುವ ಎರಡು ಶಬ್ದಗಳು ಬೇರೆ ಬೇರೆ ತಾಯಂದಿರ ಮಕ್ಕಳಾಗಿರುವುದು ಭಾಷೆಯಲ್ಲಿ ಅಪೂರ್ವವೇನಲ್ಲ.

ಎರಡನೆಯ ಊಹೆ ಇದಕ್ಕಿಂತ ಬಲವಾದುದು. ಸಂಸ್ಕೃತದ ‘ಮೃಷ್ಟ’ವು, ಎಂದರೆ ಉಜ್ಜಲ್ಪಟ್ಟದ್ದು, ನುಣುಪಾದುದು ಎಂಬ ಅರ್ಥದ ಶಬ್ದವು, ಪ್ರಾಕೃತದಲ್ಲಿ ‘ಮಟ್ಠ’ವಾಗಿದೆ. ‘ಇಷ್ಟಕಾ’ ಇಟ್ಟಿಗೆಯಾದಂತೆ, ‘ದೃಷ್ಟಿ’ ದಿಟ್ಟಿಯಾದಂತೆ, ‘ಶ್ರೇಷ್ಠಿ’ ಸೆಟ್ಟಿಯಾದಂತೆ ‘ಮೃಷ್ಟ’ವು ಕನ್ನಡದಲ್ಲಿ ‘ಮಟ್ಟ’ವಾಗುವುದಕ್ಕೆ ಧ್ವನಿನಿಯಮದ ಅಡ್ಡಿಯಿಲ್ಲ. ನುಣುಪಾದುದು ಏರುತಗ್ಗಿಲ್ಲದ್ದು, ಆದುದರಿಂದ ಸಮವಾದುದು ಎಂದು ಅರ್ಥವನ್ನೂ ಸರಾಗವಾಗಿ ಬೆಸೆಯಬಹುದು. ಹಾಗಾದರೆ ನಿರ್ಣಯವು ಧ್ವನಿಯಿಂದ ಆಗದೆ ಅರ್ಥದಿಂದಲೇ ಆಗಬೇಕಾಗುತ್ತದೆ. ‘ಮಟ್ಟ’ದ ಮೊದಲ ಅರ್ಥ ಸಮತೆಯಾಗಿದ್ದರೆ ‘ಮೃಷ್ಟ’ಕ್ಕೆ ಜಯ, ಮೇರೆಯಾಗಿದ್ದರೆ ಅದಕ್ಕೆ ಇಲ್ಲಿ ಸ್ಥಳವಿಲ್ಲ. ನುಣುಪಿನಿಂದ ಸಮತೆಗೆ ಹೋಗಬಹುದು, ನುಣುಪಿನಿಂದ ‘ವರೆಗೆ’ ಎಂಬ ಅರ್ಥಕ್ಕೆ ಹೋಗಲು ದಾರಿ ಕಾಣದು.

ಹೀಗಿರಲು ಆಡುಮಾತಿನ ಸಮಾಸಗಳನ್ನು ನೋಡತಕ್ಕದ್ದು. ಮೊಳಕಾಲ್ಮಟ್ಟದ ಕೆಸರು, ಸೊಂಟಮಟ್ಟದ ಹುಲ್ಲು, ಎದೆಮಟ್ಟದ ನೀರು, ಆಳುಮಟ್ಟದ ಗುಂಡಿ. ಈ ಮಾತುಗಳಲ್ಲಿ ಸಮತೆಯ ಸುಳಿವೇ ಇಲ್ಲ. ಸೊಂಟಮಟ್ಟದ ಹುಲ್ಲು ಕತ್ತರಿಸಿದಂತೆ ಸಮವಾಗಿ ನಿಂತಿರಬೇಕಾಗಿಲ್ಲ. ಅದು ಸೊಂಟದ ವರೆಗೆ ಬಂದರೆ ಸಾಕು. ‘ನನ್ನ ಮಟ್ಟಿಗೆ’, ‘ಸಾಕಷ್ಟು ಮಟ್ಟಿಗೆ’, ‘ಆ ಮಟ್ಟಕ್ಕೆ ಹೋಗಬೇಡ’ ಎಂಬಲ್ಲಿಯೂ ತಲುಪುವ ಗಡಿಯೇ ಅರ್ಥ. ಬಳ್ಳಾರಿಯಲ್ಲಿ ಎರಡು ಭಾಷೆಯವರೂ ದಿನವೂ ಆಡುವ ಮಾತೊಂದು ಇಲ್ಲಿ ಬಲವಾದ ಸಾಕ್ಷಿ: ಕನ್ನಡಿಗನು ‘ನನ್ನ ಮಟ್ಟಿಗೆ’ ಎನ್ನುವಲ್ಲಿ ತೆಲುಗನು ‘ನಾ ಮಟ್ಟುಕು’ ಎನ್ನುತ್ತಾನೆ. ತಮಿಳಿನ ‘ಮಟ್ಟುಂ’ ಇದಕ್ಕೆ ಮೂರನೆಯ ಸಾಕ್ಷಿ. ಮೂರು ಸೋದರಭಾಷೆಗಳಲ್ಲಿ ಒಂದೇ ಸಮನಾಗಿ ಉಳಿದುಬಂದ ಅರ್ಥ ಮೇರೆಯದಾಗಿರುವಾಗ ಅದನ್ನೇ ಹಳೆಯದೆಂದು ಒಪ್ಪಬೇಕು. ಆದುದರಿಂದ ‘ಮಟ್ಟ’ವು ದೇಶ್ಯ, ಅದರ ಮೂಲಾರ್ಥ ‘ಒಂದು ವಸ್ತುವು ಎಲ್ಲಿಯ ವರೆಗೆ ಬಂದು ನಿಲ್ಲುತ್ತದೆಯೋ ಆ ಗುರುತು’. ‘ಮೃಷ್ಟ’ದ ಪ್ರಾಕೃತರೂಪವು ಎಲ್ಲಿಯಾದರೂ ಬಂದು ಇದರೊಡನೆ ಬೆರೆತು ಸಮತೆಯ ಅರ್ಥಕ್ಕೆ ಪುಷ್ಟಿಕೊಟ್ಟಿರಬಾರದೆಂದಿಲ್ಲ, ಆದರೆ ಹೆತ್ತ ತಾಯಿ ಅದಲ್ಲ. ಶಾಸನಗಳ ನೆಲದಳತೆಯಾದ ‘ಮತ್ತರು’ ಶಬ್ದದೊಡನೆ ಇದನ್ನು ಗಂಟುಹಾಕುವ ಆಸೆಯೂ ಹುಟ್ಟಬಹುದು. ದಂತ್ಯ ಮೂರ್ಧನ್ಯಗಳ ಭೇದವು ಅಲ್ಲಿಯೂ ಅಡ್ಡ ಬರುವುದರಿಂದ ಅದನ್ನು ಕೈಬಿಡುವುದೇ ಲೇಸು.

ಮೇರೆಯು ಸಮತೆಯಾದುದು ಹೇಗೆ? ನೀರು ಇದಕ್ಕೆ ಉತ್ತರ ಕೊಡುತ್ತದೆ. ಹುಲ್ಲಿನ ಮೇರೆ ಏರುತಗ್ಗಾಗಿರಬಹುದು, ನಿಂತ ನೀರಿನ ಮೇರೆ ಹಾಗಿರಲಾರದು. ನೀರು ಎಲ್ಲಿಯ ವರೆಗೆ ಬಂದು ನಿಂತಿತೋ ಆ ಗೆರೆಯು ತಾನಾಗಿಯೇ ಸಮವಾದುದು. ಸಿರುಗುಪ್ಪ, ದೇಶನೂರುಗಳ ಕಡೆ ತುಂಗಭದ್ರೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಒಡ್ಡುಗಳ ಉದ್ದೇಶ ನೀರನ್ನು ಕೂಡಿಡುವುದಲ್ಲ. ಕಾಲುವೆಯ ಬಾಯಿಗೆ ಏರುವಷ್ಟು ಎತ್ತರಿಸುವುದು. ಅಲ್ಲಿ ಮೇರೆ ಬೇರೆಯಲ್ಲ, ಸಮತೆ ಬೇರೆಯಲ್ಲ. ಭತ್ತದ ಮಡಿಯನ್ನು ನೀರು ಕಟ್ಟಿಯೇ ಮಟ್ಟಮಾಡುವುದು. ಎಲ್ಲಿ ಮಣ್ಣು ನೀರಿನಿಂದ ತಲೆಯೆತ್ತುವುದೋ ಅಲ್ಲಿ ಅದನ್ನು ಎಳೆಯುವುದು. ಗೌಂಡಿಯ ‘ರಸಮಟ್ಟ’ವೂ ಇದೇ ನಿಯಮವನ್ನು ಒಂದು ಗಾಜಿನ ಕೊಳವೆಯಲ್ಲಿ ಸೆರೆಹಿಡಿದಿರುವುದಷ್ಟೆ. ಬಡಗಿಯ ‘ಮೂಲೆಮಟ್ಟ’ಕ್ಕೆ ಬಂದರೆ ನೀರಿನ ಸಂಬಂಧ ಕಡಿದು, ಶಬ್ದವು ‘ಸರಿಯಾದ ಗುರುತನ್ನು ತೋರುವ ಉಪಕರಣ’ ಎಂಬಷ್ಟಕ್ಕೆ ಬಂದು ನಿಂತಿದೆ. ‘ಮಟ್ಟಸ’ ಎಂಬ ರೂಪದಲ್ಲಿ ಸಮತೆಯೇ ಒಂದು ಗುಣವಾಗಿದೆ: ಮಟ್ಟಸವಾದ ಜಾಗವೆಂದರೆ ಏರುತಗ್ಗಿಲ್ಲದ್ದು ಮಾತ್ರವಲ್ಲ, ಒಪ್ಪವಾದುದು ಕೂಡ. ಗುಣಾರ್ಥದ ಮೊಳಕೆ ಇಲ್ಲಿಯೇ ಕಾಣುತ್ತದೆ.

ಧಾನ್ಯದ ಅಳತೆಯಲ್ಲಿ ಈ ಮೊಳಕೆ ಗಿಡವಾಗುತ್ತದೆ. ಬಳ್ಳಾರಿಯ ಹೆಸರನ್ನು ಕುರಿತು ಹೇಳುವ ಐತಿಹ್ಯಗಳಲ್ಲಿ ಒಂದು ಅಳತೆಯ ಪಾತ್ರೆಯನ್ನೇ ಆಶ್ರಯಿಸಿದೆ. ಶಿವಭಕ್ತರಾದ ಕೆಲವು ವರ್ತಕರು ಇಲ್ಲಿ ತಂಗಿದ್ದಾಗ ಪೂಜೆಗೆ ಲಿಂಗವು ದೊರೆಯದೆ, ತಮ್ಮಲ್ಲಿದ್ದ ಧಾನ್ಯದ ‘ಬಳ್ಳ’ವನ್ನು ಬೋರಲಾಗಿ ಇಟ್ಟು ಲಿಂಗವೆಂದು ಪೂಜಿಸಿದರಂತೆ, ಅದರಿಂದ ಊರಿಗೆ ಬಳ್ಳಾರಿಯೆಂದು ಹೆಸರಾಯಿತಂತೆ. ಬಲನೆಂಬ ರಾಕ್ಷಸನ ವೈರಿಯಾದ ಇಂದ್ರನಿಂದ, ‘ಬಲಾರಿ’ಯಿಂದ, ಊರ ಹೆಸರು ಬಂದಿತೆಂಬ ಇನ್ನೊಂದು ಕತೆಗಿಂತ ಇದು ನೆಲಕ್ಕೆ ಹತ್ತಿರವಾಗಿದೆ ನಿಜ, ಆದರೂ ಹೆಸರಿನ ಉತ್ತರಾರ್ಧವನ್ನು ವಿವರಿಸದ ಕತೆಯನ್ನು ನಿಷ್ಪತ್ತಿಯೆಂದು ಒಪ್ಪಲಾಗದು. ‘ಬಳ್ಳ’ ಶಬ್ದವೇನೋ ಹಳೆಯದು, ತಮಿಳಿನ ‘ವಳ್ಳಂ’ ಇದರ ಸೋದರ; ಅಲ್ಲಿ ಅದಕ್ಕೆ ದೋಣಿಯೆಂದೂ ಅರ್ಥವುಂಟು. ತೋಡಿದ ಮರದ ಪಾತ್ರೆಯೆಂಬುದು ಎರಡಕ್ಕೂ ಸಾಮಾನ್ಯ. ನಾಲ್ಕು ಬಳ್ಳಕ್ಕೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ಹಿಂದಿನ ಲೆಕ್ಕ.

ಪ್ರಕೃತಕ್ಕೆ ಬೇಕಾದುದು ಬಳ್ಳದ ಬಾಯಿ. ಯಾವ ಪಾತ್ರೆಯೂ ತನ್ನಷ್ಟಕ್ಕೆ ಅಳತೆಯಲ್ಲ. ಎಲ್ಲಿಯ ವರೆಗೆ ತುಂಬಬೇಕೆಂಬ ಒಪ್ಪಂದವಾದ ಮೇಲೆ ಅದು ಅಳತೆ. ಬಾಯಿಮಟ್ಟಕ್ಕೆ ಕಡ್ಡಿಯೆಳೆದು ಅಳೆದರೆ ಒಂದು ಲೆಕ್ಕ, ರಾಶಿಯೇರಿಸಿ ಅಳೆದರೆ ಇನ್ನೊಂದು. ಕೊಳ್ಳುವವನಿಗೆ ರಾಶಿ ಬೇಕು, ಮಾರುವವನಿಗೆ ಮಟ್ಟ ಬೇಕು. ‘ಸಿರಿಯ ಕುಪ್ಪೆ’ಯಿಂದ ಸಿರುಗುಪ್ಪವಾಯಿತೆಂದು ಊರವರು ಹೇಳುವುದುಂಟು, ಕುಪ್ಪೆ ಸಿರಿಯ ಲಕ್ಷಣವಾದರೆ ಮಟ್ಟ ನ್ಯಾಯದ ಲಕ್ಷಣ. ಮೇರೆಯನ್ನು ಮೀರಿದುದನ್ನು ಕಡ್ಡಿಯಿಂದ ಗೀಚಿ ಕೆಡಹುವ ಈ ಕ್ರಿಯೆಯಿಂದಲೇ ‘ಮಟ್ಟಹಾಕು’ ಎಂಬ ನುಡಿಗಟ್ಟು, ತಮಿಳಿನ ‘ಮಟ್ಟಂ ತಟ್ಟು’ ಎಂಬುದು ಹುಟ್ಟಿದಂತೆ ತೋರುತ್ತದೆ. ನೆಲವನ್ನು ಸಮಮಾಡುವ ಕ್ರಿಯೆಯಿಂದ ಎಂದರೂ ಬಾಧಕವಿಲ್ಲ. ಅಂತು ‘ಮಟ್ಟ’ದಲ್ಲಿ ಅಳತೆಯೂ ನ್ಯಾಯವೂ ಒಟ್ಟಿಗೆ ಇದ್ದುವು. ಗುಣವಿನ್ನೂ ಬಂದಿರಲಿಲ್ಲ.

ಹಿಂದಿನವರು ಅಳತೆಯನ್ನೂ ಗುಣವನ್ನೂ ಬೇರೆಯಾಗಿಯೇ ಇಟ್ಟಿದ್ದರು. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡಿನಿಂದ ಆಳಿದ ಸಿಂದರ ನಾಡಿನ ಶಾಸನಗಳನ್ನೂ, 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿಯ ಬಳ್ಳಾರಿ ಸೀಮೆಯ ಶಾಸನಗಳನ್ನೂ ನೋಡುವವರಿಗೆ ಇದು ತಿಳಿದ ವಿಷಯ. ದಾನದ ನೆಲ ಗದ್ದೆಯೋ ಬೆದ್ದಲೋ ತೋಟವೋ ಎಂದು ಜಾತಿಯನ್ನು ಹೆಸರಿಸಿ, ಬಳಿಕ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಅಳತೆಯನ್ನು ಹೇಳುವುದು ರೂಢಿ. 1800ರಲ್ಲಿ ಈ ಸೀಮೆಯು ನಿಜಾಮನಿಂದ ಕುಂಪಣಿಯ ಕೈಗೆ ಬಂದ ಮೇಲೆ 1807ರ ವರೆಗೆ ಇಲ್ಲಿಯ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ನಡೆಸಿದ ಮೋಜಣಿಯಲ್ಲಿಯೂ ಹೊಲವನ್ನು ಅಳೆಯುವವರು ಬೇರೆ, ಮಣ್ಣನ್ನು ನೋಡಿ ತೆರಿಗೆಯ ದರ ಕಟ್ಟುವವರು ಬೇರೆ. ಮದರಾಸು ಕಂದಾಯದ ಭಾಷೆಯಲ್ಲಿ ಮಣ್ಣಿನ ವರ್ಗಕ್ಕೆ ‘ತರಂ’ ಎಂಬ ಬೇರೊಂದು ಶಬ್ದವೇ ಇದ್ದಿತು. ಎರೆಭೂಮಿಯ ಒಂದು ಎಕರೆಯೂ ಮರಳುನೆಲದ ಒಂದು ಎಕರೆಯೂ ಅಳತೆಯಲ್ಲಿ ಒಂದೇ, ತರದಲ್ಲಿ ಒಂದಲ್ಲ. ಇದನ್ನು ಮರೆತ ಅಧಿಕಾರಿಗೆ ರೈತನೇ ನೆನಪು ಮಾಡಿಕೊಡುತ್ತಿದ್ದನು.

‘ಮಟ್ಟ’ವು ಗುಣದ ಕಡೆಗೆ ಹೊರಳಿದಾಗ ಸೋದರಭಾಷೆಗಳಲ್ಲಿ ಒಂದೊಂದು ಕಡೆ ಒಂದೊಂದು ಗತಿಯಾಯಿತು. ತಮಿಳಿನ ಆಡುಮಾತಿನಲ್ಲಿ ‘ಮಟ್ಟಮಾನ’ ಎಂದರೆ ಕೀಳಾದುದು, ಕಳಪೆಯಾದುದು. ಯಾವ ವಿಶೇಷಣವೂ ಬೇಕಾಗಿಲ್ಲ, ಮಟ್ಟವೆಂದರೇ ಇಳಿದದ್ದು. ಮಲಯಾಳದಲ್ಲಿ ‘ಮಟ್ಟು’ ರೀತಿ, ಧಾಟಿ ಎಂಬ ಅರ್ಥವನ್ನು ತಾಳಿತು. ಕನ್ನಡದ ಯಕ್ಷಗಾನದವರೂ ನಾಟಕದವರೂ ಹಾಡಿನ ಧಾಟಿಗೆ ‘ಮಟ್ಟು’ ಎನ್ನುವುದು ಇದಕ್ಕೆ ಹತ್ತಿರ. ಅಲ್ಲಿ ಮಟ್ಟು ಎಂದರೆ ಹೊಸ ಪದಗಳು ತುಂಬಬೇಕಾದ ಹಳೆಯ ಪಾತ್ರೆ. ಕನ್ನಡದ ‘ಮಟ್ಟ’ ಮಾತ್ರ ತಾನು ಒಳ್ಳೆಯದೂ ಅಲ್ಲದೆ ಕೆಟ್ಟದೂ ಅಲ್ಲದೆ ನಡುವೆ ನಿಂತಿತು. ಮೇಲ್ಮಟ್ಟ, ಕೀಳುಮಟ್ಟ, ನಡುಮಟ್ಟ ಎಂದು ಇನ್ನೊಂದು ಪದವು ಬಂದು ಅದರ ಸ್ಥಾನವನ್ನು ಹೇಳಬೇಕಾಗಿತ್ತು.

ಇಂತಹ ತಟಸ್ಥವಾದ ಶಬ್ದಕ್ಕೆ ‘ಗುಣ’ವನ್ನು ಹೊಂದಿಸಿದುದು ಇತ್ತೀಚಿನವರ ಕೆಲಸ. ಹಿಂದೆ ಈ ಕೆಲಸಕ್ಕೆ ‘ತರ’, ‘ದರ್ಜೆ’ ಎಂಬ ಮಾತುಗಳಿದ್ದುವು, ಚಿನ್ನಕ್ಕಾದರೆ ‘ಬಣ್ಣ’ವಿದ್ದಿತು. ‘ಗುಣಮಟ್ಟ’ವು ಅರಿಸಮಾಸವೆಂದು ವೈಯ್ಯಾಕರಣನು ಆಕ್ಷೇಪಿಸಬಹುದು, ಕೇಶಿರಾಜನು ಬಿರುದಾವಳಿಗೂ ಪೂರ್ವಕವಿಪ್ರಯೋಗಕ್ಕೂ ಕೊಟ್ಟ ವಿನಾಯಿತಿಯನ್ನು ಇಂದಿನ ಕಚೇರಿಗೂ ಕೊಡಬೇಕೆಂದು ಕೇಳಿ ಈ ಆಕ್ಷೇಪವನ್ನು ದಾಟಬಹುದು. ನಿಜವಾದ ತೊಡಕು ಸಮಾಸದ ಅರ್ಥದಲ್ಲಿದೆ. ‘ಎದೆಮಟ್ಟ’ದಲ್ಲಿ ಪೂರ್ವಪದವೇ ಗುರುತು; ಎದೆಯ ವರೆಗೆ ಎಂದು ಅದು ಹೇಳಿಬಿಡುತ್ತದೆ. ‘ನೀರಿನ ಮಟ್ಟ’ದಲ್ಲಿ ಪೂರ್ವಪದವು ಗುರುತಲ್ಲ, ಅಳೆಯಲ್ಪಡುವ ವಸ್ತು, ಗುರುತನ್ನು ಬೇರೆಯಾಗಿ ಹೇಳಬೇಕು. ‘ಗುಣಮಟ್ಟ’ವು ಈ ಎರಡನೆಯ ಜಾತಿಗೆ ಸೇರಿದುದು. ‘ನೀರಿನ ಮಟ್ಟವಿದೆ’ ಎಂದು ಹೇಳಿ ಸುಮ್ಮನಾದರೆ ವಾಕ್ಯ ಮುಗಿಯದು, ಕೇಳಿದವನು ‘ಎಷ್ಟು?’ ಎನ್ನುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ, ಅದನ್ನು ಮುಚ್ಚುವುದಕ್ಕಾಗಿ ನೀರನ್ನು ಹೊರಬಿಡಬೇಕಾಗಿ ಬಂದಾಗ, ಒಂದು ಬೆಳೆಗೆ ನೀರು ಉಳಿಯುವುದೋ ಇಲ್ಲವೋ ಎಂಬುದು ಆ ‘ಎಷ್ಟು’ ಎಂಬುದರ ಮೇಲೆಯೇ ನಿಂತಿದ್ದಿತು.

ಆದರೆ ‘ಗುಣಮಟ್ಟದ ಶಿಕ್ಷಣ’, ‘ಗುಣಮಟ್ಟದ ಅಕ್ಕಿ’ ಎಂದರೆ ಇಂದು ಯಾರೂ ‘ಎಷ್ಟು ಮಟ್ಟದ?’ ಎಂದು ಕೇಳುವುದಿಲ್ಲ. ಒಳ್ಳೆಯ ಶಿಕ್ಷಣ, ಒಳ್ಳೆಯ ಅಕ್ಕಿ ಎಂದೇ ತಿಳಿಯುತ್ತಾರೆ. ಅಳತೆಯ ಕೋಲಿನ ಮೇಲಿನ ಗೆರೆಗಳೆಲ್ಲ ಅಳಿಸಿಹೋಗಿ ಕೋಲೇ ಹೊಗಳಿಕೆಯಾಗಿದೆ. ತಮಿಳಿನಲ್ಲಿ ಗುರುತು ಕಳೆದುಕೊಂಡ ಮಟ್ಟವು ಕೆಳಗೆ ಬಿದ್ದಿತು, ಕನ್ನಡದಲ್ಲಿ ಮೇಲೆ ಹಾರಿತು. ಎರಡೂ ಕಡೆ ಸಂಭವಿಸಿದುದು ಒಂದೇ. ಬೋರಲಾಗಿ ಇಟ್ಟ ಬಳ್ಳವನ್ನು ಪೂಜಿಸಬಹುದು, ಅದರಿಂದ ಅಳೆಯಲಾಗದು. ಇದಕ್ಕೆ ಹೋಲಿಸಿದರೆ ಸಿರುಗುಪ್ಪದ ರೈತನು ಬೆಂಬಲಬೆಲೆಗೆ ಭತ್ತವನ್ನು ಒಯ್ಯುವ ಖರೀದಿಕೇಂದ್ರದಲ್ಲಿ ಶಬ್ದಕ್ಕೆ ಹೆಚ್ಚು ಮರ್ಯಾದೆಯಿದೆ. ಅಲ್ಲಿ ಸರಾಸರಿ ಗುಣಮಟ್ಟವೆಂದರೆ ತೇವಾಂಶ ನೂರಕ್ಕೆ 17ನ್ನು ಮೀರಬಾರದು. ಸಾಮಾನ್ಯವೆಂದೂ ‘ಎ’ ದರ್ಜೆಯೆಂದೂ ಎರಡು ವರ್ಗ, ಎರಡು ಬೆಲೆ. 17 ಎಂಬ ಗೆರೆ ರೈತನಿಗೆ ಕಹಿಯಾಗಬಹುದು, ಮಳೆಗಾಲದಲ್ಲಿ ಅನ್ಯಾಯವಾಗಿಯೂ ತೋರಬಹುದು. ಆದರೂ ಗೆರೆಯೊಂದು ಇರುವುದರಿಂದ ಅದರೊಡನೆ ವಾದ ಮಾಡಬಹುದು.

ಸಾಹಿತ್ಯದ ಉಪಾಧ್ಯಾಯರಿಗೂ ವಿಮರ್ಶಕರಿಗೂ ಈ ವಿಚಾರವು ಹೊರಗಿನದಲ್ಲ. ‘ಉನ್ನತ ಮಟ್ಟದ ಕಾವ್ಯ’, ‘ಕಾದಂಬರಿಯ ಗುಣಮಟ್ಟ ಇಳಿದಿದೆ’ ಎಂಬ ವಾಕ್ಯಗಳಲ್ಲಿ ಮಟ್ಟವನ್ನು ಎಲ್ಲಿಂದ ಎಣಿಸಲಾಗಿದೆಯೆಂಬುದು ಹೇಳಲ್ಪಡುವುದಿಲ್ಲ. ಪಂಪನಿಂದಲೋ, ಹಿಂದಿನ ತಲೆಮಾರಿನಿಂದಲೋ, ಅದೇ ಕವಿಯ ಮೊದಲ ಕೃತಿಯಿಂದಲೋ? ಸಮುದ್ರವನ್ನು ಹೆಸರಿಸದೆ ‘1633 ಅಡಿ’ ಎಂದಂತೆ ಇದು. ವಿದ್ಯಾರ್ಥಿಯ ಉತ್ತರಕ್ಕೆ ಅಂಕ ಹಾಕುವಾಗ ಮಟ್ಟದ ಮಾತು ಸಲ್ಲುತ್ತದೆ. ಅಲ್ಲಿ ನೂರೆಂಬ ಬಾಯಿಮಟ್ಟವನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಕಾವ್ಯಕ್ಕೆ ಅಂತಹ ಬಾಯಿಯಿಲ್ಲ. ಕನ್ನಡದಲ್ಲಿ ಗುಣವನ್ನು ಹೇಳಲು ಅಳತೆಯದಲ್ಲದ ಶಬ್ದಗಳು ಹಿಂದಿನಿಂದಲೂ ಇವೆಯೆಂಬುದನ್ನು ಇಲ್ಲಿ ಗಮನಿಸಬೇಕು. ಚಿನಿವಾರನ ‘ಒರೆ’ಯು ಮಟ್ಟವಲ್ಲ, ಅದು ವಸ್ತುವನ್ನು ಕಲ್ಲಿಗೆ ಉಜ್ಜಿ ಅದರ ಗೆರೆಯನ್ನು ಕಣ್ಣಿಂದ ನೋಡುವುದು. ಒಕ್ಕಲಿಗನ ‘ಹದ’ವಂತೂ ಯಾವ ಕೋಲಿಗೂ ಸಿಕ್ಕದು. ಮಳೆ ಬಿದ್ದ ಎರೆಹೊಲಕ್ಕೆ ಇಂದು ಕೂರಿಗೆ ಹೂಡಬಹುದೇ ಎಂಬುದನ್ನು ಅವನು ಮಣ್ಣನ್ನು ಹಿಡಿಯಲ್ಲಿ ಹಿಚುಕಿ ತಿಳಿಯುತ್ತಾನೆ. ಹೆಚ್ಚು ತೇವವೂ ಹದವಲ್ಲ, ಕಡಿಮೆಯೂ ಹದವಲ್ಲ, ನೆರೆಯ ಹೊಲದ ಹದವು ಈ ಹೊಲದ ಹದವೂ ಅಲ್ಲ. ಪಾಕಕ್ಕೂ ಕಾವಿಗೂ ಮಾತಿಗೂ ಹದವಿದೆ. ‘ಈ ಪದ್ಯದ ಹದ ತಪ್ಪಿದೆ’ ಎಂದ ವಿಮರ್ಶಕನು ಎಲ್ಲಿ ತಪ್ಪಿತೆಂದು ತೋರಿಸಲೇಬೇಕಾಗುತ್ತದೆ, ಏಕೆಂದರೆ ಶಬ್ದವೇ ಅವನನ್ನು ಆ ಪದ್ಯದೊಳಗೆ ನಿಲ್ಲಿಸುತ್ತದೆ. ‘ಮಟ್ಟ ಇಳಿದಿದೆ’ ಎಂದವನಿಗೆ ಪದ್ಯವನ್ನು ತೆರೆಯುವ ಅಗತ್ಯವೂ ಬೀಳುವುದಿಲ್ಲ.